ಶುಕ್ರವಾರದ ಪಾಳಿ

ಮುದ್ದೇಬಿಹಾಳದಲ್ಲಿ ನಮ್ಮದು ಸಣ್ಣ ಸಭೆ. ಭಾನುವಾರದ ಆರಾಧನೆಗೆ ಬಾಡಿಗೆಗೆ ಹಿಡಿದ ಹಾಲ್ ಒಂದಿದೆ. ಕೆಳಗೆ ಬೈಕ್ ರಿಪೇರಿ ಅಂಗಡಿ, ಮೇಲೆ ನಾವು. ಪಾಸ್ಟರ್ ಇರುವುದು ಬಸವನ ಬಾಗೇವಾಡಿಯಲ್ಲಿ. ಅಲ್ಲಿಯ ಆರಾಧನೆ ಮುಗಿಸಿ, ಬಸ್ ಹಿಡಿದು ಇಲ್ಲಿಗೆ ಬರುತ್ತಾರೆ. ಅವರಿಲ್ಲದಾಗ ಸಭೆಯನ್ನು ನೋಡಿಕೊಳ್ಳುವವರು ಒಬ್ಬರಿದ್ದಾರೆ, ಅವರನ್ನು ಎಲ್ಲರೂ ಹಿರಿಯರು ಅನ್ನುತ್ತಾರೆ. ನಮ್ಮವರಲ್ಲಿ ಹಮಾಲರಿದ್ದಾರೆ, ಗೌಂಡಿಗಳಿದ್ದಾರೆ, ಒಬ್ಬ ಟೇಲರ್ ಇದ್ದಾನೆ, ಆಫೀಸಿನ ಜವಾನರಿದ್ದಾರೆ. ಪದವಿ ಓದಿದವಳು ಅಂತ ಇರುವುದು ನಾನೊಬ್ಬಳೇ. ನಾನು ಶಿಕ್ಷಕಿ, ಸಿಂದಗಿಯ ಹೈಸ್ಕೂಲಿನಿಂದ ವರ್ಗವಾಗಿ ಇಲ್ಲಿಗೆ ಬಂದೆ.

ಪದವಿಯ ಮಾತು ಬಂದಿದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಅಪ್ಪ ಅವ್ವ ಇಂಡಿ ತಾಲೂಕಿನ ನಿಂಬೆ ತೋಟಗಳಲ್ಲಿ ಕಾಯಿ ಹರಿಯುವ ಕೆಲಸ ಮಾಡಿದವರು. ಮುಳ್ಳು ಗೀರಿ ಗೀರಿ ಅವ್ವನ ಮುಂಗೈ ಬಣ್ಣವೇ ಬೇರೆಯಾಗಿತ್ತು. ಅವರಿಬ್ಬರ ಹಿಂದೆ ಎಷ್ಟು ತಲೆಮಾರು ಹುಡುಕಿದರೂ ಕಾಲೇಜು ಕಂಡವರಿಲ್ಲ. ಬಿ.ಎ. ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಯಾರೂ ಅದನ್ನು ನನಗೆ ಪುಕ್ಕಟೆ ಕೊಟ್ಟಿಲ್ಲ.

ಎರಡನೆಯ ವರ್ಷ ಇಂಗ್ಲಿಷಿನಲ್ಲಿ ಫೇಲಾದಾಗ ನಮ್ಮ ಆಗಿನ ಸಭೆಯ ಇಬ್ಬರು ಹೆಂಗಸರು ಮನೆಗೆ ಬಂದು ಧೈರ್ಯ ಹೇಳಿದ್ದರು. "ದೇವರ ಚಿತ್ತ ಹಿಂಗಿದ್ದೀತು ತಂಗೆವ್ವ. ಓದು ಸಾಕು ಅನ್ನೂದಿರಬೇಕು. ಒಂದ ಚೊಲೋ ಸಂಬಂಧ ನೋಡೂನು," ಅಂದರು. ಪ್ರೀತಿಯಿಂದಲೇ ಅಂದರು. ನನ್ನ ಕಣ್ಣೊರೆಸಿದರು. ಅವ್ವ ಒಲೆಯ ಮುಂದಿನಿಂದ ಏಳದೆ, "ದೇವರ ಚಿತ್ತ ಏನಂತ ದೇವರ ಹೇಳ್ಲಿ. ನೀವು ಚಾ ಕುಡೀರಿ," ಅಂದು, ನನ್ನ ಕಡೆ ತಿರುಗಿ, "ನೀ ಮತ್ತ ಪರೀಕ್ಷಾಕ್ಕ ಕೂಡು," ಅಂದಳು. ಕೂತೆ, ಪಾಸಾದೆ. ಧೈರ್ಯ ಹೇಳಲು ಬಂದವರು ಕೆಲವೊಮ್ಮೆ ಇದ್ದ ಧೈರ್ಯವನ್ನೂ ಎತ್ತಿಕೊಂಡು ಹೋಗುತ್ತಾರೆ ಎಂಬುದು ನನಗೆ ಅಂದಿನಿಂದಲೇ ಗೊತ್ತು.

ಇಲ್ಲಿಯ ಸಭೆಗೆ ಒಂದು ಪದ್ಧತಿಯಿದೆ. ಶುಕ್ರವಾರ ಸಂಜೆಯ ಪ್ರಾರ್ಥನೆ ಪಾಳಿಯ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತದೆ. ಯಾವ ಮನೆಯ ನಂತರ ಯಾವ ಮನೆ ಅನ್ನುವುದನ್ನು ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಬಾಯಿಪಾಠ. ಪಾಳಿ ಬಂದ ಮನೆಯವರು ಜಮಖಾನ ಹಾಸುತ್ತಾರೆ. ಎರಡು ಹಾಡು, ಬೈಬಲಿನ ಒಂದಿಷ್ಟು ವಾಕ್ಯ, ಆಮೇಲೆ ಬಂದವರೆಲ್ಲ ಸೇರಿ ಆ ಮನೆಯವರಿಗಾಗಿ ಪ್ರಾರ್ಥನೆ. ಕೊನೆಗೆ ಚುರಮರಿ ಸುಸಲಾ, ಚಹಾ. ಇಷ್ಟೇ. ಆದರೆ ಆ ವಾರವಿಡೀ ಆ ಮನೆಯಲ್ಲಿ ಹಬ್ಬದ ಗಡಿಬಿಡಿ ಇರುತ್ತದೆ. ಪಾತ್ರೆಗಳೆಲ್ಲ ಕೆಳಗಿಳಿದು ತೊಳೆಸಿಕೊಳ್ಳುತ್ತವೆ. ಕೂಲಿಯ ಮನೆಯ ಬಾಗಿಲಲ್ಲಿ ಅಷ್ಟೊಂದು ಚಪ್ಪಲಿ ಬಿದ್ದಿರುವುದನ್ನು ಓಣಿಯವರು ನೋಡುವುದೂ ಒಂದು ಸುಖ. ಅದನ್ನು ಪ್ರಾರ್ಥನೆಯಲ್ಲಿ ಯಾರೂ ಹೇಳುವುದಿಲ್ಲ.

ನಾನು ಬಂದ ಹೊಸದರಲ್ಲಿ ಪ್ರತಿ ಭಾನುವಾರ ಒಬ್ಬ ಹೆಂಗಸಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. "ನಂಬಿಕೆಯಲ್ಲಿ ತಣ್ಣಗಾಗಿರುವ ನಮ್ಮ ಸಹೋದರಿ" ಅನ್ನುತ್ತಿದ್ದರು. ವಿಚಾರಿಸಿದಾಗ ತಿಳಿದದ್ದು ಇಷ್ಟು. ಎಲ್ಲರೂ ಅವರನ್ನು ಕಾಕು ಅನ್ನುತ್ತಾರೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾರೆ. ಮನೆತನದಲ್ಲಿ ಸಭೆಗೆ ಬರುವವರು ಅವರೊಬ್ಬರೇ. ಅದಕ್ಕಾಗಿ ತವರಿನವರು ಬಂದುಹೋಗುವುದನ್ನು ಬಿಟ್ಟು ಬಹಳ ದಿನವಾಗಿದೆ. ಗಂಡ ಎ.ಪಿ.ಎಂ.ಸಿ.ಯಲ್ಲಿ ಹಮಾಲ. ಸಭೆಗೆ ಬರುತ್ತಿರಲಿಲ್ಲ, ಬೇಡ ಅಂತಲೂ ಅನ್ನುತ್ತಿರಲಿಲ್ಲ. ಪ್ರಾರ್ಥನೆ ಅವರ ಮನೆಯಲ್ಲಿದ್ದಾಗ ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತು, "ಬಂತು ನಿಮ್ಮ ಸಂತಿ," ಅನ್ನುತ್ತಿದ್ದರಂತೆ. ಒಂದು ದಿನ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ತೊದಲಿತು. ಸಭೆಯವರು ಉಪವಾಸ ಮಾಡಿ ಪ್ರಾರ್ಥಿಸಿದರು. ಅವರು ಏಳಲಿಲ್ಲ. ಅದಾದ ಕೆಲವು ವಾರಗಳಿಗೆ ಕಾಕು ಸಭೆಗೆ ಬರುವುದನ್ನು ನಿಲ್ಲಿಸಿದರು. ಒಬ್ಬರಾದ ಮೇಲೆ ಒಬ್ಬರು ಹೋಗಿ ಧೈರ್ಯ ಹೇಳಿ ಬಂದರು. ಕಾಕು ಎಲ್ಲರಿಗೂ ಚಹಾ ಕೊಟ್ಟು ಕಳಿಸಿದರೇ ಹೊರತು ಬರಲಿಲ್ಲ. ಆಗ ತಣ್ಣಗಾಗಿದ್ದಾರೆ ಅನ್ನುವ ತೀರ್ಮಾನವಾಯಿತು.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಒಂದು ಭಾನುವಾರ ನನ್ನನ್ನು ತಡೆದರು. "ಅಕ್ಕೋರ, ನೀವೊಮ್ಮಿ ಹೋಗಿ ಬರ್ರಿ. ದಿನಾ ಸಾಲ್ಯಾಗ ಹೇಳವ್ರು ನೀವು. ನಾವು ಹೇಳಿದ್ದು ಆಕಿ ಕಿವಿಗಿ ಬಿದ್ದಿಲ್ಲ. ಇನ್ನೂ ಹಿಂಗ ಬಿಟ್ರ ಆಕಿ ಕಾಯಂ ಹೋದಂಗ."

ಸಾಲೆಯಲ್ಲಿ ಹೇಳುವುದಕ್ಕಿಂತ ಕೇಳುವುದೇ ಹೆಚ್ಚು ಅಂತ ಅವರಿಗೆ ಹೇಳಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋದೆ.

ಒಂದೇ ಖೋಲಿಯ ಮನೆ. ಒಳಗೆ ಗೋಡೆಗೆ ಹತ್ತಿಸಿ ಹಾಕಿದ ಹಗ್ಗದ ಹೊರಸು, ಹೊರಸಿನ ಮೇಲೆ ಅವರ ಗಂಡ ದಿಂಬಿಗೆ ಒರಗಿ ಕೂತಿದ್ದರು. ಕಾಕು ಬಾಗಿಲ ಪಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಹೊಸಾ ಅಕ್ಕೋರ ಅಂದ್ರ ನೀವ ಏನು? ಬರ್ರಿ. ಇವತ್ತ ನಿಮ್ಮ ಪಾಳಿ ಆತು?"

"ಯಾವ ಪಾಳಿ, ಕಾಕು?"

"ನನಗ ಸಮಾಧಾನ ಹೇಳೂ ಪಾಳಿ. ಹ್ವಾದ ಸಲ ಟೇಲರ್ ಹೆಂಡ್ತಿ ಬಂದಿದ್ಲು. ಅದಕ್ಕೂ ಮದ್ಲ ಹಿರ್ಯಾರು ಬಂದಿದ್ರು. ಬಾಳಿಹಣ್ಣ ತಂದಿಲ್ಲ ನೀವು?"

"ಇಲ್ರಿ."

"ಚೊಲೋ ಮಾಡಿದ್ರಿ. ಬಂದವ್ರೆಲ್ಲಾ ಬಾಳಿಹಣ್ಣ ತಂದ್ ತಂದ್ ನಿಮ್ಮ ಕಾಕಾನ ಹೊಟ್ಟಿ ಕೆಟ್ಟೈತಿ."

ಹೊರಸಿನ ಕಡೆಯಿಂದ ಗೊರಗೊರ ಸದ್ದು ಬಂತು. ಅದು ನಗು ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ನನಗೆ ಸುತ್ತಿ ಬಳಸಿ ಮಾತಾಡುವುದು ಬರುವುದಿಲ್ಲ. "ಸಭಿಗಿ ಯಾಕ ಬರವಲ್ರಿ ಕಾಕು?" ಅಂತ ಕೇಳಿದೆ.

ಕಾಕು ರೊಟ್ಟಿಯನ್ನು ಹಂಚಿಗೆ ಹಾಕಿ, ಬಟ್ಟೆಯಿಂದ ನೀರು ಸವರಿ, ಆಮೇಲೆ ನನ್ನ ಕಡೆ ತಿರುಗಿದರು. "ನೀವು ಕೇಳಿದ್ರಿ, ಅದಕ್ಕ ಹೇಳ್ತೇನಿ. ಇಲ್ಲೀತನಾ ಬಂದವ್ರು ಯಾರೂ ಕೇಳ್ಲಿಲ್ಲ. ಎಲ್ಲಾರೂ ಹೇಳಾಕ ಬಂದಿದ್ರು."

ಅವರು ಹೇಳಿದ್ದು ಹೀಗೆ. ಟೇಲರ್ ಮನೆಯ ನಂತರದ ಶುಕ್ರವಾರ ಅವರದು. ಅವರದಾದ ಮೇಲೆ ಹಿರಿಯರದು. ಲಕ್ವಾ ಹೊಡೆದ ಮೇಲೆ ಆ ಶುಕ್ರವಾರ ಮೊದಲ ಸಲ ಬಂದಾಗ ಕಾಕು ನಸುಕಿನಲ್ಲೆದ್ದು ಮನೆ ಸಾರಿಸಿದರು. ಗಂಡನಿಗೆ ಸ್ನಾನ ಮಾಡಿಸಿ ತೊಳೆದ ಅಂಗಿ ಹಾಕಿದರು. ಉಳ್ಳಾಗಡ್ಡಿ ಹೆಚ್ಚಿ, ಚುರಮರಿ ತರಿಸಿ ಇಟ್ಟುಕೊಂಡರು. ಸಂಜೆಗೆ ಯಾರೂ ಬರಲಿಲ್ಲ. ಕತ್ತಲಾಗುವಾಗ ಹಿಂದಿನ ಓಣಿಯಿಂದ, ಹಿರಿಯರ ಮನೆಯಿಂದ, ಹಾಡು ಕೇಳಿಸಿತು.

"ತ್ರಾಸ ಕೊಡಬಾರದಂತ ಬಿಟ್ಟಾರಂತ. ಟೇಲರ್ ಹೆಂಡ್ತಿ ಆಮ್ಯಾಲ ಹೇಳಿದ್ಲು. ತ್ರಾಸ ನಂದು. ಐತೋ ಇಲ್ಲೋ ನನಗ ಕೇಳಬೇಕಿಲ್ಲೇನು? ನಾಕು ಮಂದಿ ಬಂದು ಚಾ ಕುಡದ್ರ ಸಾಯ್ತೇನೇನು ನಾ? ದಿನಾ ಖಾನಾವಳಿಗಿ ರಾಶಿಗಟ್ಲೆ ರೊಟ್ಟಿ ಬಡೀತೇನಿ."

"ಮತ್ತ ನೀವರ ಹೇಳಬಾರದೇನ್ರಿ, ನಮ್ಮ ಪಾಳಿ ಐತಿ ಅಂತ?"

"ಕೇಳಿ ಇಸ್ಕೊಳ್ಳೂದೇನ್ರಿ ಅದು?" ಅಂದರು ಕಾಕು, ಸ್ವಲ್ಪ ಜೋರಾಗಿಯೇ. "ನನ್ನ ಮಂದಿ ಅಂತ ಇದ್ದವ್ರು ಇವ್ರ. ತವರಿನವ್ರು ನನ್ನ ದಾಟಿಸಿದ್ರು. ಆಗ ಅಳಲಿಲ್ಲ ನಾ, ಇವ್ರದಾರ ಅಂತ. ಈಗ ಇವ್ರೂ ದಾಟಿಸಿದ್ರು. ಇನ್ನ ಅಲ್ಲಿ ಬಂದು ಯಾವ ಮೂಲ್ಯಾಗ ಕೂಡ್ಲಿ? ದೇವರ ಸಂಗಾಟ ನಂದೇನೂ ಜಗಳಿಲ್ಲ. ಅಂವನ ಸಂಗಾಟ ಇಲ್ಲೇ ಒಲಿ ಮುಂದ ಮಾತಾಡ್ತೇನಿ."

ಬಂದವರೆಲ್ಲ ವಾಕ್ಯ ಹೇಳಿದರಲ್ಲ, ಅದರಿಂದ ಏನೂ ಆಗಲಿಲ್ಲವೇ ಅಂತ ಕೇಳಿದೆ. ಕಾಕು ಮೊದಲ ಬಾರಿಗೆ ನಕ್ಕರು. "ವಾಕ್ಯ ಹೇಳೂತನಾ ಅವ್ರು ನನಗ ಸಮಾಧಾನ ಹೇಳ್ತಾರ. ಚಾ ಕೊಟ್ಟ ಮ್ಯಾಲ ನಾ ಅವ್ರಿಗಿ ಹೇಳ್ಬೇಕು. ಎಲ್ಲಾರೂ ತಮ್ಮ ತಮ್ಮ ದುಃಖ ಇಲ್ಲಿ ಇಟ್ಟು ಹೋಗ್ಯಾರ. ಯಾರದು ಏನಂತ ಮಾತ್ರ ಕೇಳಬ್ಯಾಡ್ರಿ, ಹೇಳೂದಿಲ್ಲ."

ಮರುದಿನ ಆರಾಧನೆಯ ನಂತರ ಪಾಸ್ಟರ್, ಹಿರಿಯರು, ಟೇಲರನ ಹೆಂಡತಿ ಉಳಿದುಕೊಂಡರು. ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಹಿರಿಯರು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾರ ಮನೆಯಲ್ಲಿ ಏನೇ ಆದರೂ ಮೊದಲು ಓಡುವವರು ಅವರೇ. ಪಾಳಿ ದಾಟಿಸಿದವರೂ ಅವರೇ. ಅವರಿಗೆ ಸಿಟ್ಟು ಬಂತು.

"ಅಲ್ರೀ ಅಕ್ಕೋರ, ನಾವ ಕನಿಕರದಿಂದ ಬಿಟ್ಟಿದ್ದು. ಅದನ್ನ ಉಲ್ಟಾ ತಿಳ್ಕೊಂಡ್ರ ನಾವೇನ ಮಾಡೂನು?"

"ಆಕೀನ ಒಂದ ಮಾತು ಕೇಳಿದ್ರೇನ್ರಿ?"

"ಕೇಳೂದೇನೈತ್ರಿ ಅದರಾಗ? ಕಣ್ಣಿಗಿ ಕಾಣಂಗಿಲ್ಲೇನು? ಇರೂದೊಂದ ಖೋಲಿ. ಅದರಾಗ ಹೊರಸು. ನಾವಿಷ್ಟ ಮಂದಿ ಎಲ್ಲಿ ಕೂಡೂದು, ಅಂವನ ತಲಿ ಮ್ಯಾಲ?"

ಟೇಲರನ ಹೆಂಡತಿ ಕಿಸಕ್ಕನೆ ನಕ್ಕಳು. ಆಮೇಲೆ ಸೆರಗಿನ ತುದಿ ತಿರುವುತ್ತ, ಯಾರನ್ನೂ ನೋಡದೆ ಹೇಳಿದಳು. "ಜಾಗಾದ ಮಾತು ಖರೆ ಅಲ್ರಿ. ಜಾಗಾ ಇಲ್ಲದ ಮನ್ಯಾಗ ಓಣ್ಯಾಗ ಕುಂತೀವಿ ನಾವು. ಖರೆ ಅಂದ್ರ ನನಗ ಕಾಕಾನ ಮುಂದ ಕುಂದ್ರಾಕ ಆಗೂದಿಲ್ಲ. ಉಪವಾಸದ ಕಡೀ ದಿವಸ ಅವರ ಕೈ ಹಿಡಕೊಂಡು, ಎದ್ದು ಅಡ್ಡಾಡ್ತೀರಿ ಕಾಕಾ, ದೇವರು ನನಗ ತೋರಿಸ್ಯಾನ ಅಂದಿದ್ದೆ. ಅವ್ರು ನನ್ನ ಮಾರಿ ನೋಡಿ ಹೂಂ ಅಂತ ತಲಿ ಅಲ್ಲಾಡಿಸಿದ್ರು. ಈಗ ಅಲ್ಲಿ ಕುಂತು ಯಾವ ಬಾಯಿಲೆ ಹಾಡ್ಲಿ?"

ಕೆಳಗಿನ ಅಂಗಡಿಯಲ್ಲಿ ಯಾವುದೋ ಬೈಕ್ ಚಾಲೂ ಆಗದೆ ಕೆಮ್ಮುತ್ತಿತ್ತು. ಅವಳು ಆಡಿದ್ದು ಅವಳೊಬ್ಬಳ ಮಾತಾಗಿರಲಿಲ್ಲ. ನಮ್ಮಲ್ಲಿ ಆರಾಧನೆಯ ನಡುವೆ ಎದ್ದು ನಿಂತು ಹೇಳುವ ಸಾಕ್ಷಿ ಅಂದರೆ ಆದ ಕೆಲಸದ ಸುದ್ದಿ. ಜ್ವರ ಬಿಟ್ಟಿತು, ಮಗ ಪಾಸಾದ, ಬೋರಿಗೆ ನೀರು ಬಿತ್ತು. ಆಗದ ಕೆಲಸ ಹೊರಸಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರೆ ಏನು ಮಾಡಬೇಕು ಅನ್ನುವುದು ನಮ್ಮ ಯಾರಿಗೂ ರೂಢಿಯಿಲ್ಲ. ಹೀಗಾಗಿ ಆ ಮನೆಯನ್ನು ದಾಟಿಹೋದೆವು, ಅದಕ್ಕೆ ಕನಿಕರ ಅನ್ನುವ ಹೆಸರು ಕೊಟ್ಟುಕೊಂಡೆವು.

ಪಾಸ್ಟರ್ ಉಪದೇಶ ಮಾಡಲಿಲ್ಲ. ಅದು ನನಗೆ ಹಿಡಿಸಿತು. "ಬರೂ ಶುಕ್ರವಾರ ಕಾಕು ಮನಿ. ಅಕ್ಕೋರ, ಹೇಳಿ ಬರ್ರಿ," ಅಂದು ಬಸ್ಸಿಗೆ ಹೊರಟರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಹೋಗಿ ಹೇಳಿದರೆ ಕಾಕು ಒಪ್ಪಲಿಲ್ಲ.

"ಬರೂ ಶುಕ್ರವಾರ ಯಾರ ಮನಿ ಇತ್ತು?" ಅಂತ ಕೇಳಿದರು.

"ಗೌಂಡಿಯವರದಿತ್ರಿ. ಅವರು ಬಿಟ್ಟು ಕೊಡ್ತಾರ."

"ಅಂದ್ರ ಅವ್ರ ಮನಿ ದಾಟಿಸಿ ನನಗ ಕೊಡ್ತೀರಿ. ನನಗ ಮಾಡಿದ್ದ ಈಗ ಆ ಗೌಂಡಿ ಹೆಂಡ್ತಿಗಿ ಮಾಡ್ತೀರಿ. ಆಕೀನೂ ಮನಿ ಸಾರಿಸಿರ್ತಾಳ." ಕೈಯಲ್ಲಿದ್ದ ಹಿಟ್ಟನ್ನು ಒತ್ತಿ ನಾದಿದರು. "ಕರುಣಾ ಮಾಡಿ ಕೊಡೂದು ಬ್ಯಾಡ್ರಿ. ಟೇಲರ್ ಮನಿ ಆದ ಮ್ಯಾಲ ನನ್ನ ಮನಿ. ಅದು ಬಂದಾಗ ಬರ್ರಿ. ಅಲ್ಲೀತನಾ ಯಾರನ್ನೂ ಕಳಸಬ್ಯಾಡ್ರಿ."

"ಅಲ್ಲೀತನಾ ಭಾನುವಾರಕ್ಕರ ಬರ್ತೀರೇನ್ರಿ?"

"ನೋಡೂನು," ಅಂದರು. ಬರುವುದಿಲ್ಲ ಅಂತ ಅದರ ಅರ್ಥ.

ಪಾಳಿ ಸುತ್ತಿ ಬರಲು ಮಳೆಗಾಲ ಕಳೆಯಬೇಕಾಯಿತು. ಹಿರಿಯರು ನಡುನಡುವೆ ನನ್ನನ್ನು ಕೇಳುತ್ತಿದ್ದರು, "ಅಕ್ಕೋರ, ಅಷ್ಟರಾಗ ಆಕಿ ಮನಸ್ಸು ಪೂರಾ ಕೆಟ್ಟು ಹೋದ್ರ?" ನನಗೇನು ಗೊತ್ತು, ಹೋದರೆ ಹೋದಂತೆ ಅಂದೆ. ಬೇರೆ ಸಭೆಯವರು ಕಾಕುವನ್ನು ಕರೆಯುತ್ತಿದ್ದಾರೆ ಅನ್ನುವ ಸುದ್ದಿಯೂ ಒಮ್ಮೆ ಬಂತು. ಹೋಗಲಿಲ್ಲ ಅನ್ನುವುದೂ ತಿಳಿಯಿತು. ನಾನು ಆಗಾಗ ಶನಿವಾರ ರೊಟ್ಟಿ ತರಲು ಹೋಗುತ್ತಿದ್ದೆ. ಸಭೆಯ ಮಾತು ನಾನು ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಕಾಕಾ ಮಾತ್ರ ನನ್ನನ್ನು ನೋಡಿದರೆ ಎಡಗೈ ಎತ್ತಿ ಏನೋ ಕೇಳುತ್ತಿದ್ದರು. "ಇವತ್ತ ಶುಕ್ರವಾರ ಅಲ್ಲ, ಶನಿವಾರ," ಅಂತ ಕಾಕು ಅವರಿಗೆ ಒದರಿ ಹೇಳುತ್ತಿದ್ದರು.

ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಟೇಲರ್ ಮನೆಯ ಪಾಳಿ ಬಂತು, ಮುಗಿಯಿತು. ಮರು ಶುಕ್ರವಾರ ನಾವೆಲ್ಲ ಕಾಕುವಿನ ಓಣಿಗೆ ಹೋದೆವು. ಒಬ್ಬರೂ ತಪ್ಪಿಸಿರಲಿಲ್ಲ.

ಜಾಗದ ಪ್ರಶ್ನೆಯನ್ನು ಕಾಕು ಮೊದಲೇ ಬಗೆಹರಿಸಿದ್ದರು. ಕಾಕಾನ ಜೊತೆಯ ಹಮಾಲರನ್ನು ಕರೆಸಿ, ಹೊರಸನ್ನು ಕಾಕಾನ ಸಮೇತ ಎತ್ತಿಸಿ ಕಟ್ಟೆಯ ಮೇಲೆ ಇಡಿಸಿದ್ದರು. ಓಣಿಯಲ್ಲಿ ಜಮಖಾನ ಹಾಸಿತ್ತು. ಹೊರಸು ಎತ್ತಿದ ಹಮಾಲರು ಹೋಗಲೋ ಇರಲೋ ಅಂತ ತಿಳಿಯದೆ ಎದುರಿನ ಗೋಡೆಗೆ ಒರಗಿ ನಿಂತಿದ್ದರು. ಹಾಡಿನ ನಡುವೆ ಒಂದು ಬೈಕ್ ಬಂದು, ಎಲ್ಲರೂ ಎದ್ದು, ಜಮಖಾನ ಮಡಚಿ ದಾರಿ ಕೊಟ್ಟು, ಮತ್ತೆ ಹಾಸಿ, ಬಿಟ್ಟ ಸಾಲಿನಿಂದಲೇ ಹಾಡಿದೆವು.

ಮನೆಯವರಿಗಾಗಿ ಪ್ರಾರ್ಥಿಸುವ ಹೊತ್ತು ಬಂತು. ಆರಂಭಿಸುವುದು ಯಾವಾಗಲೂ ಟೇಲರನ ಹೆಂಡತಿ. ಅವಳು ಕಣ್ಣು ಮುಚ್ಚಿದಳು, ತೆರೆದಳು. "ಕಾಕು, ಏನಂತ ಪ್ರಾರ್ಥನಿ ಮಾಡ್ಲಿ?" ಅಂದಳು.

"ನನ್ನೇನ ಕೇಳ್ತಿ? ಅವ್ರನ್ನ ಕೇಳು. ಅವ್ರಿಗಿ ಬಾಯಿಲ್ಲೇನು?"

ಅವಳು ಎದ್ದು ಹೊರಸಿನ ಹತ್ತಿರ ಹೋದಳು. "ಕಾಕಾ, ಏನ ಬೇಡೂನ್ರಿ ನಿಮಗ?"

ಕಾಕಾ ತೊದಲಿ ತೊದಲಿ ಏನೋ ಹೇಳಿದರು. ಕಾಕು ಬಾಯಿಗೆ ಸೆರಗು ಹಿಡಿದರು. "ಬಾಳಿಹಣ್ಣ ಬ್ಯಾಡಂತ." ಗೋಡೆಗೆ ಒರಗಿದ್ದ ಹಮಾಲರೇ ಮೊದಲು ನಕ್ಕರು. ಕಾಕಾ ಮತ್ತೆ ಏನೋ ಅಂದರು. ಈ ಸಲ ಕಾಕು ನಗಲಿಲ್ಲ. "ನಿದ್ದಿ ಬರೂದಿಲ್ಲಂತ. ಚೊಲೋತ್ನಂಗ ನಿದ್ದಿ ಬರ್ಲಿ ಅಂತ ಬೇಡ್ಕೋರಿ ಅಂತಾರ. ನನಗೂ ಅದನ್ನ ಇಲ್ಲೀತನಾ ಹೇಳಿದ್ದಿಲ್ಲ."

ಟೇಲರನ ಹೆಂಡತಿ ನಿದ್ದೆಗಾಗಿ ಪ್ರಾರ್ಥಿಸಿದಳು. ಎಂದಿನಂತೆ ದೊಡ್ಡ ದನಿಯಿಲ್ಲ. ತನಗೆ ಕಂಡದ್ದು, ದೇವರು ತೋರಿಸಿದ್ದು ಯಾವುದೂ ಇರಲಿಲ್ಲ. ಅವಳು ಮಾಡಿದ ಪ್ರಾರ್ಥನೆಗಳಲ್ಲಿ ಅತಿ ಚಿಕ್ಕದು ಅದು. ಆಮೆನ್ ಅಂದು ನಾವು ಏಳುವವರಿದ್ದೆವು, ಕಾಕು ಮತ್ತೆ ಕೂರಿಸಿದರು. ಪಾಳಿಯ ಮನೆಯವರು ತಾವು ಪ್ರಾರ್ಥಿಸುವ ರೂಢಿಯಿಲ್ಲ, ಮಾಡಿಸಿಕೊಳ್ಳುವುದಷ್ಟೆ. ಕಾಕು ಅದನ್ನು ಲೆಕ್ಕಿಸದೆ ಶುರು ಮಾಡಿದರು. ಒಬ್ಬೊಬ್ಬರ ಮನೆಯನ್ನೂ ಪಾಳಿಯ ಕ್ರಮದಲ್ಲೇ ಹಿಡಿದು ಬೇಡಿದರು. ಎಲ್ಲರಿಗೂ ಮೊದಲೇ ಗೊತ್ತಿದ್ದ ಟೇಲರನ ಮಗಳ ನಿಂತುಹೋದ ಸಂಬಂಧಕ್ಕೆ, ಗೌಂಡಿಯ ಹೆಂಡತಿಯ ಬೆನ್ನುನೋವಿಗೆ. ಹಿರಿಯರ ಮನೆಗೆ ಬಂದಾಗ, "ಹಿರ್ಯಾರ ಮನಸಿನ್ಯಾಗ ಇರೂದು ನಿನಗ ಗೊತ್ತೈತಿ ತಂದಿ, ನಾ ಬಾಯಿ ಬಿಟ್ಟು ಹೇಳೂದಿಲ್ಲ," ಅಂದರು. ನಾನು ಕಣ್ಣು ತೆರೆದು ನೋಡಿದೆ. ಹಿರಿಯರು ತಲೆ ತಗ್ಗಿಸಿ ಮೂಗು ಒರೆಸಿಕೊಳ್ಳುತ್ತಿದ್ದರು. ನನ್ನ ಮನೆಗೆ ಬಂದಾಗ, ಈಕಿ ಮಾತು ಸ್ವಲ್ಪ ಬಿರುಸು, ಹಂಗ ಇರ್ಲಿ ಅಂದರು.

ಸುಸಲಾ, ಚಹಾ ಆಯಿತು. ಹಮಾಲರಿಗೂ ಆಯಿತು. ಅವರು ಹೊರಸನ್ನು ಮತ್ತೆ ಒಳಗಿಟ್ಟು ಹೋದರು. ಜನ ಚಪ್ಪಲಿ ಹುಡುಕುತ್ತಿದ್ದಾಗ ಕಾಕು ಬಾಗಿಲಲ್ಲಿ ನಿಂತು ಹಿರಿಯರನ್ನು ಕೂಗಿದರು.

"ಬರೂ ಶುಕ್ರವಾರ ನಿಮ್ಮ ಮನಿ ಅಲ್ರಿ?"

"ಹೌದ್ರಿ," ಅಂದರು ಹಿರಿಯರು. ತಿರುಗಿ ನಿಂತಿದ್ದರು.

"ಖಾನಾವಳಿಗಿ ರೊಟ್ಟಿ ಮುಟ್ಟಿಸಿ ಬರ್ತೇನಿ. ತಡ ಆಗ್ತೈತಿ. ನನ್ನ ಸಲುವಾಗಿ ನಿಲ್ಲಬ್ಯಾಡ್ರಿ, ಹಾಡು ಚಾಲೂ ಮಾಡ್ರಿ."

ಹಿರಿಯರ ಮನೆಯಲ್ಲಿ ನಾವು ಹೇಳಿದ ಹೊತ್ತಿಗೇ ಚಾಲೂ ಮಾಡಿದೆವು. ಎರಡನೆಯ ಹಾಡು ಅರ್ಧಕ್ಕೆ ಬಂದಾಗ ಕಾಕು ಒಳಗೆ ಬಂದರು. ಟೇಲರನ ಹೆಂಡತಿ ಹಾಡು ನಿಲ್ಲಿಸದೆ ಸರಿದು ಜಾಗ ಮಾಡಿದಳು. ಕಾಕು ಕೂತು, ಉಸಿರು ತಕ್ಕೊಂಡು, ಉಳಿದ ಸಾಲುಗಳನ್ನು ನಮ್ಮೊಂದಿಗೆ ಹಾಡಿದರು.